ಮಡ್ಗಾರ್ಡಿನ ಒಳಮೈ

ಮನೆ, ತೋಟ, ಹೊಲ, ದನಕರು ಎಲ್ಲ ಭಾಗವಾದ ಮೇಲೂ ಭಾಗವಾಗದೆ ಉಳಿದದ್ದು ಅಪ್ಪನ ಆಸ್ಟಿನ್ ಕಾರು ಒಂದೇ. ಪಂಚಾಯಿತಿಗೆ ಕೂತಿದ್ದ ಹಿರಿಯರು ಅದನ್ನು ಮಾರಿ ಬಂದದ್ದನ್ನು ಹಂಚಿಕೊಳ್ಳಿ ಅಂದಾಗ ಪರಮಶಿವಯ್ಯನೂ ಅವನ ತಮ್ಮ ಬಸವರಾಜುವೂ ಒಟ್ಟಿಗೇ ‘ಬೇಡ’ ಅಂದರು. ಬೆಳಗಿನಿಂದ ಒಂದೊಂದು ತೆಂಗಿನ ಮರಕ್ಕೂ ಎಳೆದಾಡಿದ್ದ ಅಣ್ಣತಮ್ಮಂದಿರು ಆ ದಿನ ಒಪ್ಪಿ ಆಡಿದ ಮಾತು ಅದೊಂದೇ. ಬಾವಿಯ ನೀರಿಗೆ ಸರದಿ ಇರುವ ಹಾಗೆ ಕಾರಿಗೂ ಸರದಿ ಮಾಡಿಕೊಳ್ಳಿ ಎಂದು ಹಿರಿಯರು ಕೊನೆಗೆ ದಾರಿ ತೋರಿಸಿದರು. ಯುಗಾದಿಯಿಂದ ದಸರೆಯವರೆಗೆ ಒಬ್ಬನಿಗೆ, ದಸರೆಯಿಂದ ಯುಗಾದಿಯವರೆಗೆ ಇನ್ನೊಬ್ಬನಿಗೆ. ಮಳೆಗಾಲದ ಕೆಸರಿನ ಪಾಲನ್ನು ಪರಮಶಿವಯ್ಯ ತಾನಾಗಿಯೇ ಕೇಳಿ ತೆಗೆದುಕೊಂಡ. ಯಾಕೆ ಅಂತ ಯಾರೂ ಕೇಳಲಿಲ್ಲ. ಅವನೂ ಹೇಳಲಿಲ್ಲ.

ಭಾಗವಾದ ಮೇಲೆ ಬಸವರಾಜು ತಿಪಟೂರಿಗೆ ಬಂದು ಕೊಬ್ಬರಿ ಮಂಡಿ ಹಾಕಿದ. ಅಣ್ಣ ಶೆಟ್ಟಿಕೆರೆಯ ಆಚೆ ತೋಟದ ಮನೆಯಲ್ಲೇ ಉಳಿದ. ಊರುಗಳ ನಡುವೆ ಅಂಥ ದೂರವೇನೂ ಇರಲಿಲ್ಲ. ಆದರೂ ಹೋಗಿಬರುವುದು ತಾನಾಗಿ ಕಡಿಮೆಯಾಯಿತು. ಮೊದಲು ಹಬ್ಬಗಳಿಗೆ ಹೋಗುತ್ತಿದ್ದರು, ಆಮೇಲೆ ಸಾವುನೋವಿಗೆ ಮಾತ್ರ, ಆಮೇಲೆ ಅದಕ್ಕೂ ಒಬ್ಬರು ಹೋದರೆ ಸಾಕು ಎಂದಾಯಿತು. ಜಗಳವೆಂದು ಹೇಳಲು ಜಗಳವೇ ಇರಲಿಲ್ಲ. ಉಳಿದದ್ದು ಕಾರು ಕೈಬದಲಾಗುವ ಆ ಎರಡು ಹಬ್ಬಗಳು. ದಸರೆಯಲ್ಲಿ ಬಸವರಾಜು ಹೆಂಡತಿಯನ್ನು ಕರೆದುಕೊಂಡು ಬಸ್ಸಿನಲ್ಲಿ ಶೆಟ್ಟಿಕೆರೆಗೆ ಹೋಗಿ, ಅಲ್ಲಿಂದ ತೋಟಕ್ಕೆ ನಡೆದು, ಊಟ ಮಾಡಿ, ಕಾರಿನಲ್ಲಿ ಹಿಂತಿರುಗುತ್ತಿದ್ದ. ಯುಗಾದಿಯಲ್ಲಿ ಕಾರಿನಲ್ಲಿ ಹೋಗಿ ಅಣ್ಣನಿಗೆ ಒಪ್ಪಿಸಿ ಬಸ್ಸಿನಲ್ಲಿ ಬರುತ್ತಿದ್ದ. ಈ ಕಾರು ಇಲ್ಲದಿದ್ದರೆ ಅಣ್ಣನ ಮನೆಯ ಹೊಸ್ತಿಲು ತುಳಿಯಲು ತನಗೊಂದು ನೆಪವೂ ಇರುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಅದನ್ನು ಹೆಂಡತಿಯ ಮುಂದೆ ಕೂಡ ಅವನು ಆಡಿರಲಿಲ್ಲ.

ಮಂಡಿಯ ಕೆಲಸ ಅವನ ಕೈಗೆ ಒಂದು ಅಭ್ಯಾಸ ಕಲಿಸಿತ್ತು. ಕೊಬ್ಬರಿ ಚೀಲ ಬಂದರೆ ಬಾಯಲ್ಲಿದ್ದದ್ದನ್ನು ಅವನು ನೋಡುತ್ತಲೇ ಇರಲಿಲ್ಲ. ತೋಳು ಮಡಿಸಿ, ಹೆಗಲವರೆಗೂ ಕೈ ಇಳಿಸಿ, ತಳದಿಂದ ಒಂದು ಗಿಟುಕು ತೆಗೆದು ಮೂಸುತ್ತಿದ್ದ. ಮೇಲೆ ಬೆಳ್ಳಗೆ ಗುಂಡಗೆ ಜೋಡಿಸಿ ತಳದಲ್ಲಿ ಕೌಟು ಕೊಬ್ಬರಿ ತುಂಬುವವರು ಯಾವ ಊರಲ್ಲಿ ಇಲ್ಲ? ಎಷ್ಟು ಅಚ್ಚುಕಟ್ಟಾಗಿ ಬಾಯಿ ಹೊಲಿದಿದ್ದಾರೋ ಅಷ್ಟು ಅನುಮಾನ ಪಡಬೇಕು ಎಂದು ಅವನು ಹೊಸಬರಿಗೆ ಹೇಳಿಕೊಡುತ್ತಿದ್ದ. ಅನುಮಾನ ಅವನಿಗೆ ಕೆಟ್ಟ ಗುಣವಾಗಿರಲಿಲ್ಲ. ಅನ್ನ ಕೊಡುವ ವಿದ್ಯೆಯಾಗಿತ್ತು.

ಎಮರ್ಜೆನ್ಸಿ ಮುಗಿದ ವರ್ಷದ ದಸರೆಯಲ್ಲಿ ಆ ಕೈ ಕಾರಿನ ಮೇಲೂ ಆಡಿತು. ಹಬ್ಬಕ್ಕೆ ನೆಂಟರು ಬಂದಿದ್ದರು. ಕಾರನ್ನು ತೊಳೆದು, ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿ ಅಂಗಳದಲ್ಲಿ ನಿಲ್ಲಿಸಿತ್ತು. ಬಸವರಾಜು ಬಗ್ಗಿ ಮುಂದಿನ ಚಕ್ರದ ಮೇಲಿನ ಮಡ್ಗಾರ್ಡಿನ ಒಳಗೆ ಕೈ ಹಾಕಿದ. ಒಣಗಿದ ಕೆಸರು ಹೆಂಟೆಹೆಂಟೆಯಾಗಿ ಉದುರಿತು. ತೋಟದ ದಾರಿಯ ಜಲ್ಲಿಕಲ್ಲು ಹೊಡೆದ ತಗ್ಗುಗಳು ಬೆರಳಿಗೆ ಸಿಕ್ಕಿದವು. ಒಂದು ಕಡೆ ತುಕ್ಕು ಹಿಡಿದು ಬೆರಳೇ ಆಚೆ ಬಂತು.

“ಏನಣ್ಣಯ್ಯ, ಅಪ್ಪ ಇದ್ದಾಗ ಇದ್ರ ಮೈಮ್ಯಾಲೆ ನೊಣ ಕೂತ್ರೂ ಓಡಿಸ್ತಿದ್ದ. ನೀನು ಇದ್ರಲ್ಲಿ ಗದ್ದೆ ಉಳ್ತಿದ್ದೀಯೇನೋ” ಅಂದ.

ನೆಂಟರು ನಕ್ಕರು. ಬಸವರಾಜು ಅದನ್ನು ನಗಿಸಲೆಂದೇ ಹೇಳಿದ್ದ. ಪರಮಶಿವಯ್ಯ ಮಾತ್ರ ಹೆಗಲ ಮೇಲಿನ ವಸ್ತ್ರದಿಂದ ಕೈ ಒರೆಸಿಕೊಂಡು ಬೀಗದಕೈ ಕೊಟ್ಟ. “ಎಣ್ಣೆ ನೋಡ್ಕೊ. ಸ್ವಲ್ಪ ಜಾಸ್ತಿ ಕುಡೀತದೆ” ಅಂದ. ಅಷ್ಟೇ.

ಆ ಚಳಿಗಾಲದಲ್ಲಿ ಬಸವರಾಜು ತಿಪಟೂರಿನಲ್ಲಿ ತೂತಿಗೆ ತಗಡಿನ ತೇಪೆ ಬೆಸೆಯಿಸಿದ. ಯುಗಾದಿಗೆ ಕಾರು ಅಣ್ಣನ ಕೈಗೆ ಹೋಯಿತು.

ಅದೇ ವರ್ಷ ಶ್ರಾವಣದಲ್ಲಿ ಶೆಟ್ಟಿಕೆರೆಯ ಗಾಡಿ ಕೆಂಚಯ್ಯ ಮಂಡಿಗೆ ಚೀಲ ಇಳಿಸಲು ಬಂದವನು, ಬೀಡಿ ಹಚ್ಚಿಕೊಂಡು ಸುದ್ದಿ ತೆಗೆದ.

“ನಿಮ್ಮ ಕಾರು ಕಿಬ್ಬನಹಳ್ಳಿ ಹುಚ್ಚಣ್ಣನ ಶೆಡ್ಡಲ್ಲಿ ಬಿದ್ದದೆ ಕಣ್ರೀ. ಚಕ್ರ ಎಲ್ಲಾ ಬಿಚ್ಚಿ ಕಲ್ಲಿನ ಮ್ಯಾಲೆ ಕುಂಡ್ರಿಸವ್ರೆ. ಹೋಗ್ತಾ ಕಂಡೆ, ಬರ್ತಾನೂ ಅಲ್ಲೇ ಇತ್ತು.”

“ಏನಾಯ್ತಂತೆ?”

“ನಂಗೇನ್ ಗೊತ್ತು? ಎಲ್ಲಾದ್ರೂ ಗುದ್ದಿಸಿರ್ಬೇಕು. ನಿಮ್ಮಣ್ಣಾರು ಪಕ್ಕದಾಗೆ ಮಂಕಾಗಿ ಕುಂತಿದ್ರು.”

“ಅವನು ಮದ್ವೆ ಮನೇಲೂ ಹಂಗೇ ಕೂರೋದು” ಅಂದ ಬಸವರಾಜು. ಆದರೆ ಮಾತು ಒಳಗೆ ಇಳಿದು ಕೂತಿತು.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಶಿವರುದ್ರಮ್ಮನಿಗೆ ಹೇಳಿದ. ಅವಳು ಮುದ್ದೆ ಬಡಿಸುತ್ತ, “ಹೋಗಿ ಕೇಳ್ಬಾರ್ದಾ? ಬಸ್ಸು ಹತ್ತಿದ್ರೆ ಅರ್ಧ ದಿನದ ಕೆಲ್ಸ. ಭಾವಾರಿಗೆ ಪೆಟ್ಟುಗಿಟ್ಟು ಬಿದ್ದದೋ ಏನೋ” ಅಂದಳು.

“ಪೆಟ್ಟು ಬಿದ್ದಿದ್ರೆ ಕೆಂಚಯ್ಯ ಅದನ್ನ ಮೊದ್ಲು ಹೇಳ್ತಿದ್ದ. ದಸರೆಗೆ ನೋಡಾಣ ಬುಡು.”

“ದಸರೆಗೆ ನೋಡೋದು ಕಾರ್‌ನ. ನಾನು ಕೇಳಿದ್ದು ಭಾವಾರನ್ನ.”

ಅಣ್ಣನಿಗೆ ಏನಾಗಿದೆ ಎಂಬ ಪ್ರಶ್ನೆ ತನಗೆ ಮೊದಲು ಬರಲೇ ಇಲ್ಲವಲ್ಲ ಎಂದು ಆಗ ಬಸವರಾಜುವಿಗೆ ಒಂದು ಗಳಿಗೆ ಅನ್ನಿಸಿತು. ಆ ಗಳಿಗೆಯಲ್ಲಿ ನಿಲ್ಲಲು ಅವನಿಗೆ ಇಷ್ಟವಾಗಲಿಲ್ಲ.

ವಿಜಯದಶಮಿಯ ದಿನ ತೋಟಕ್ಕೆ ಹೋದರು. ಆ ವರ್ಷ ನೆಂಟರು ಇರಲಿಲ್ಲ. ಕಾರು ಎಂದಿಗಿಂತ ಚೆನ್ನಾಗಿ ಹೊಳೆಯುತ್ತಿತ್ತು. ಊಟದ ಎಲೆಯ ಮುಂದೆ ಬಸವರಾಜು ತಲೆ ಎತ್ತದೆ ಕೇಳಿದ:

“ರಿಪೇರಿ ಏನಾದ್ರೂ ಬಂದಿತ್ತಾ ಅಣ್ಣಯ್ಯ?”

“ಏನಿಲ್ಲ” ಅಂದ ಪರಮಶಿವಯ್ಯ.

ಬಡಿಸುತ್ತಿದ್ದ ಅವನ ಹೆಂಡತಿ ಮರುಳಮ್ಮ ನಿಂತಳು. “ಏನಿಲ್ಲ ಅಂತೀರಲ್ಲ, ಆ ಕಿಬ್ಬನಹಳ್ಳೀಲಿ...”

“ಅವ್ನ್ ಎಲೇಲಿ ಹೋಳಿಗೆ ಖಾಲಿಯಾಗದೆ ನೋಡು” ಅಂದ ಪರಮಶಿವಯ್ಯ. ಮರುಳಮ್ಮ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಅಣ್ಣನ ತುಟಿಯ ಅಂಚು ಕೊಂಚ ಅಲುಗಿದ್ದನ್ನು ಬಸವರಾಜು ಕಂಡ. ಸಿಕ್ಕಿಬಿದ್ದವನ ತುಟಿ ಹಾಗೆ ಅಲುಗುತ್ತದೆ ಎಂದುಕೊಂಡ. ನಗು ತಡೆಯುವವನ ತುಟಿಯೂ ಹಾಗೇ ಅಲುಗುತ್ತದೆ ಎಂಬುದು ಅವನಿಗೆ ಆ ದಿನ ಹೊಳೆಯಲಿಲ್ಲ.

ಹೊರಡುವಾಗ ಪರಮಶಿವಯ್ಯ ಮುಂದಿನ ಚಕ್ರದ ಬಳಿ ಬಂದು ನಿಂತ. ಮಡ್ಗಾರ್ಡಿನ ಮೇಲೆ ಅಂಗೈ ಇಟ್ಟುಕೊಂಡು ತಮ್ಮನ ಕಡೆ ನೋಡಿದ. ಏನನ್ನೋ ಕಾಯುವವನ ಹಾಗೆ ತುಸು ಹೊತ್ತು ಹಾಗೇ ಇದ್ದ. ಬಸವರಾಜು ಬಗ್ಗಲಿಲ್ಲ. ಹಬ್ಬದ ದಿನ ನೋಡಿ, ಕಂಡದ್ದನ್ನು ಆಡಿ, ಉಂಡ ಬಾಯಲ್ಲಿ ಜಗಳ ಬೇಡವೆಂದು ಸ್ಟಿಯರಿಂಗ್ ಹಿಂದೆ ಹೋಗಿ ಕೂತುಬಿಟ್ಟ. ಪರಮಶಿವಯ್ಯ ಕೈ ತೆಗೆದ. “ಸರಿ, ಹೊರಡಿ. ಹೊತ್ತಾಯ್ತು” ಅಂದ.

ತೋಟದ ಜಲ್ಲಿ ದಾರಿಯಲ್ಲಿ ಕಾರು ಸಾಗುವಾಗ ಬಸವರಾಜುವಿಗೆ ಏನೋ ಕಡಿಮೆಯಾದಂತೆ ಅನ್ನಿಸಿತು. ಅಪ್ಪನ ಕಾಲದಿಂದ ಈ ದಾರಿಯಲ್ಲಿ ಕಲ್ಲುಗಳು ಮಡ್ಗಾರ್ಡಿಗೆ ತಗುಲಿ ಟಣ್ ಟಣ್ ಅನ್ನುತ್ತಿದ್ದವು. ಈಗ ಆ ಸದ್ದು ಇರಲಿಲ್ಲ. ಮೆತ್ತನೆ ಗುದ್ದಿದಂತೆ ಏನೋ ಕೇಳಿಸುತ್ತಿತ್ತು, ಅಷ್ಟೇ. ದೊಡ್ಡ ರಸ್ತೆ ಸಿಕ್ಕಿದ ಮೇಲೆ ನಿಲ್ಲಿಸಿ ಕೆಳಗಿಳಿದು ಒಳಗೆ ಕೈ ಹಾಕಿದ. ತಗಡು ಸಿಗಲಿಲ್ಲ. ದಪ್ಪನೆಯ ಕರಿ ರಬ್ಬರ್ ಹಾಳೆ, ಅಂಚಿನಿಂದ ಅಂಚಿಗೆ ಬಿಗಿಯಾಗಿ ಕೂತಿತ್ತು. ನಾಲ್ಕೂ ಚಕ್ರಗಳ ಮೇಲೂ ಹಾಗೇ.

“ಏನದು?” ಅಂದಳು ಶಿವರುದ್ರಮ್ಮ.

“ಚೀಲದ ಬಾಯಿ ಹೊಲಿದವ್ನೆ” ಅಂದ ಬಸವರಾಜು.

ಕಿಬ್ಬನಹಳ್ಳಿಗೆ ಹೋಗಿ ಹುಚ್ಚಣ್ಣನನ್ನು ಕೇಳಬಹುದಿತ್ತು. ತೋಟಕ್ಕೆ ಕಾರು ತಿರುಗಿಸಿ ಅಣ್ಣನನ್ನೇ ಕೇಳಬಹುದಿತ್ತು. ಆದರೆ ಕೊಬ್ಬರಿ ತಂದವನನ್ನು ಯಾರಾದರೂ ಕೇಳುತ್ತಾರೆಯೇ, ತಳದಲ್ಲಿ ಏನಿದೆ ಅಂತ? ಬಸವರಾಜು ಮಾರನೆಯ ದಿನ ಕಾರನ್ನು ಮಂಡಿಯ ಮುಂದೆಯೇ ನಿಲ್ಲಿಸಿ ಪಕ್ಕದ ಗ್ಯಾರೇಜಿನ ಬೋರಯ್ಯನನ್ನು ಕರೆಸಿದ.

ಬೋರಯ್ಯ ಜಾಕು ಕೊಟ್ಟು ಚಕ್ರ ಬಿಚ್ಚಿ ಒಳಗೆ ಇಣುಕಿದ. ತಿರುಗಿ ಬಸವರಾಜುವಿನ ಮುಖ ನೋಡಿದ.

“ಇಷ್ಟು ನೀಟಾಗಿ ಕೂರ್ಸವ್ರೆ. ಇದ್ನ ಯಾಕೆ ಸ್ವಾಮಿ ಕೀಳೋದು? ಮಳೆ ನೀರು ಇಳಿಯಾಕೆ ತಳದಾಗೆ ಸಂದಿ ಬ್ಯಾರೆ ಬಿಟ್ಟವ್ರೆ.”

“ಒಳಗೆ ಕೆಟ್ಟದ್ದು ಇಟ್ಟೋನೇ ಬಾಯಿ ನೀಟಾಗಿ ಹೊಲಿಯೋದು. ನೀನು ಕೀಳು.”

“ಸ್ಕ್ರೂ ಒಂದೊಂದೇ ತೆಗಿತೀನಿ, ತಡೀರಿ. ಹಾಳೆ ಉಳೀತದೆ.”

ಬಸವರಾಜುವಿಗೆ ತಡೆಯುವ ಮನಸ್ಸಿರಲಿಲ್ಲ. ಮಂಡಿಯ ಹಮಾಲರು, ಚೀಲ ತಂದ ರೈತರು, ಎಲ್ಲರ ಹಿಂದೆ ಕೆಂಚಯ್ಯ, ಸುತ್ತ ನಿಂತಿದ್ದರು. ಅವರ ಮುಂದೆ ಒಂದೊಂದೇ ಸ್ಕ್ರೂ ತಿರುಗುವುದನ್ನು ನೋಡುತ್ತ ಕೂರುವುದು ಅವನಿಗೆ ಆಗಲಿಲ್ಲ. ಮೀಟುಗೋಲು ಕಸಿದುಕೊಂಡು ತಾನೇ ಅಂಚಿಗೆ ಕೊಟ್ಟು ಎಳೆದ. ರಬ್ಬರ್ ಹಾಳೆ ತಡೆದು ತಡೆದು, ಕೊನೆಗೆ ಸ್ಕ್ರೂ ಇದ್ದಲ್ಲೆಲ್ಲ ಹರಿದು ಕೈಗೆ ಬಂತು. ಜೊತೆಗೆ ಮಡ್ಗಾರ್ಡಿನ ಅಂಚಿನ ತಗಡೂ ಸೊಟ್ಟಗಾಯಿತು. ಒಂದು ಚಕ್ರದ್ದು ಮುಗಿಸಿ ಉಸಿರು ಬಿಡದೆ ಇನ್ನೊಂದಕ್ಕೆ ಹೋದ. ಮೊದಲನೆಯದರ ಒಳಗೆ ಏನಿದೆ ಎಂದು ನೋಡಲಿಕ್ಕೂ ನಿಲ್ಲಲಿಲ್ಲ. ನಾಲ್ಕೂ ಕಿತ್ತ ಮೇಲೆ ಬಗ್ಗಿ ನೋಡಿದ.

ಒಳಗೆ ಏನೂ ಇರಲಿಲ್ಲ. ತಗ್ಗಿಲ್ಲ, ತುಕ್ಕಿಲ್ಲ, ಹೊಸ ಬೆಸುಗೆಯಿಲ್ಲ. ಹಳೆಯ ಕೆಸರನ್ನು ಕೆರೆದು, ತಂತಿ ಬ್ರಷ್ಷಿನಲ್ಲಿ ತಿಕ್ಕಿ, ಕಲ್ಲು ಹೊಡೆದ ಗುಳಿಗಳನ್ನು ಒಳಗಿನಿಂದ ತಟ್ಟಿ ಮಟ್ಟ ಮಾಡಿತ್ತು. ಬಸವರಾಜು ಹಾಕಿಸಿದ್ದ ತೇಪೆಯ ಒರಟು ಅಂಚನ್ನೂ ಅರ ಹಾಕಿ ನಯ ಮಾಡಿತ್ತು. ಎಲ್ಲದರ ಮೇಲೆ ಬಣ್ಣ. ಕಾರಿನ ಮೈಯ ಕಪ್ಪಲ್ಲ. ಅಪ್ಪ ತುಮಕೂರಿನ ಡಾಕ್ಟರೊಬ್ಬರಿಂದ ಕೊಂಡು ತಂದ ದಿನ ಕಾರಿಗಿದ್ದ ಕಡುಹಸಿರು. ಆಮೇಲೆ ಅಪ್ಪನೇ ಅದಕ್ಕೆ ಕಪ್ಪು ಹೊಡೆಸಿದ್ದ. ಆ ಹಸಿರನ್ನು ಬಸವರಾಜು ಮರೆತೇ ಬಿಟ್ಟಿದ್ದ. ಅಣ್ಣ ಅದನ್ನು ಎಲ್ಲಿ ಹುಡುಕಿದನೋ.

ಕೆಂಚಯ್ಯ ಮುಂದೆ ಬಂದು ಬಗ್ಗಿ ನೋಡಿ ಬೀಡಿ ಬಾಯಿಂದ ತೆಗೆದ.

“ಒಳಗೂ ಬಣ್ಣ ಹೊಡೆದವ್ರಲ್ಲ ಕಣ್ರೀ. ಯಾರು ನೋಡ್ಲಿ ಅಂತ?”

ಬಸವರಾಜು ಮೀಟುಗೋಲನ್ನು ಬೋರಯ್ಯನ ಕೈಗೆ ಕೊಟ್ಟು ಮಂಡಿಯ ಒಳಗೆ ಹೋದ. ಆ ದಿನ ಯಾವ ಚೀಲದ ತಳಕ್ಕೂ ಅವನ ಕೈ ಹೋಗಲಿಲ್ಲ.

ಮನೆಯಲ್ಲಿ ಶಿವರುದ್ರಮ್ಮ ಹರಿದ ಹಾಳೆಗಳನ್ನು ಹಿತ್ತಲಿಗೆ ಎತ್ತಿಟ್ಟಳು. ಬೈಯಲಿಲ್ಲ. “ನಾಳೆ ಬೆಳಿಗ್ಗೆ ಹೋಗಿ ಹೇಳ್ಬನ್ನಿ. ಕೆಂಚಯ್ಯ ಹೇಳೋಕ್ ಮುಂಚೆ ನೀವು ಹೇಳ್ಬೇಕು” ಅಂದಳು.

“ಹೊಸ ಹಾಳೆ ಹಾಕ್ಸಿ ಆಮೇಲೆ ಹೇಳ್ತೀನಿ. ಬರೀ ಬಾಯಲ್ಲಿ ಹೋಗಿ ಏನ್ ಹೇಳ್ಲಿ?”

“ಬಾಯಲ್ಲೇ ಹೇಳ್ಬೇಕಾದ್ದು ಅದು.”

ಅವಳ ಮಾತು ಸರಿ ಅನ್ನುವುದು ಅವನಿಗೆ ಗೊತ್ತಿತ್ತು. ಆದರೆ ಆ ಮನೆಯಲ್ಲಿ ಅಪ್ಪನಿಂದ ಹಿಡಿದು ಯಾರೂ ಮಾತಿನಿಂದ ಏನನ್ನೂ ಸರಿ ಮಾಡಿದ್ದನ್ನು ಅವನು ಕಂಡಿರಲಿಲ್ಲ. ಅಪ್ಪ ಹೊಡೆದ ಮಾರನೆಯ ದಿನ ಪೇಟೆಯಿಂದ ಕಡಲೆಪುರಿ ತರುತ್ತಿದ್ದ, ಅಷ್ಟೇ. ವಸ್ತು ಮೊದಲು ಸರಿಯಾಗಲಿ, ಮಾತು ಅದರ ಹಿಂದೆ ತಾನಾಗಿ ಬರುತ್ತದೆ ಎಂದು ಬಸವರಾಜು ನಂಬಿದ. ಸುಗ್ಗಿ ಬಂತು, ಕೊಬ್ಬರಿ ದರ ಏರಿತು, ಇಳಿಯಿತು. ಹಾಳೆ ತರಲು ಬೆಂಗಳೂರಿಗೆ ಹೋಗುವುದು ವಾರದಿಂದ ವಾರಕ್ಕೆ ಮುಂದೆ ಹೋಯಿತು.

ಶಿವರಾತ್ರಿ ಕಳೆದ ಮೇಲೆ ಅವನು ಕಾರು ತೆಗೆದುಕೊಂಡು ಕಿಬ್ಬನಹಳ್ಳಿಗೆ ಹೋದ. ಹಿಂದಿನ ಸೀಟಿನಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಿಂದ ತಂದ ರಬ್ಬರ್ ಹಾಳೆಗಳ ಸುರುಳಿ ಇತ್ತು. ಹುಚ್ಚಣ್ಣನ ಶೆಡ್ಡೆಂದರೆ ಲಾರಿಗಳು ನಿಲ್ಲುವ ಕಡೆ ಒಂದು ಹುಣಸೆಮರ, ಅದಕ್ಕೆ ಒರಗಿಸಿದ ತಗಡು. ಹುಚ್ಚಣ್ಣ ಸುರುಳಿ ಬಿಚ್ಚಿ ನೋಡಿ ನಕ್ಕ.

“ಮತ್ತೆ ಅದೇ ಅಂಬಾಸಡರ್ ಅಂಗಿ. ನಿಮ್ಮಣ್ಣ ತಂದಾಗ್ಲೇ ಅಂದೆ, ಈ ಹಳೇ ಆಸ್ಟಿನ್‌ಗೆ ಇದು ಕೂರಾಕಿಲ್ಲ, ವಾಪಸ್ ಕೊಡು ಅಂತ. ಮಾತೇ ಕಿವಿಗೆ ಹಾಕ್ಕಳ್ಳಿಲ್ಲ ಆಸಾಮಿ. ಮೊದ್ಲು ಹಾಕಿದ್ದು ಏನಾಯ್ತು?”

“ಹರೀತು” ಅಂದ ಬಸವರಾಜು.

ಹುಚ್ಚಣ್ಣ ಮಡ್ಗಾರ್ಡಿನ ಸೊಟ್ಟ ಅಂಚನ್ನು ಬೆರಳಿನಿಂದ ಸವರಿದ. ಅವನಿಗೂ ಸುದ್ದಿ ಬಂದಿತ್ತೆಂದು ಕಾಣುತ್ತದೆ. “ಕೂತ್ಕಳಿ, ಮಾಡಾಣ” ಅಂದ.

“ಕೂರಲ್ಲ. ನಾನೇ ಮಾಡ್ತೀನಿ. ಅವನು ಹೆಂಗೆ ಮಾಡ್ದ ಹೇಳು.”

ಹುಚ್ಚಣ್ಣನಿಗೆ ಹೇಳುವುದೆಂದರೆ ಪ್ರೀತಿ. ಅವನು ಹೇಳುತ್ತ ಹೋದ, ಬಸವರಾಜು ಮಾಡುತ್ತ ಹೋದ. ಕಾರನ್ನು ಎತ್ತಿ ಕಲ್ಲುಗಳ ಮೇಲೆ ಕೂರಿಸಿ ಚಕ್ರ ತೆಗೆಯಬೇಕು. ಅಂಚಿನ ತಗಡನ್ನು ಮರದ ಸುತ್ತಿಗೆಯಿಂದ ತಟ್ಟಿ ನೇರ ಮಾಡಬೇಕು. ಅಣ್ಣ ಮೊದಲು ಹಳೇ ಗೋಣಿತಾಟನ್ನು ಮಡ್ಗಾರ್ಡಿನ ಒಳಗೆ ಒತ್ತಿ ಹಿಡಿದು, ಸೀಮೆಸುಣ್ಣದಲ್ಲಿ ಅಂಚು ಗುರುತು ಹಾಕಿ ಕತ್ತರಿಸಿಕೊಂಡಿದ್ದನಂತೆ. ದರ್ಜಿ ಅಳತೆ ತೆಗೆದ ಹಾಗೆ, ಒಂದೊಂದು ಚಕ್ರಕ್ಕೂ ಬೇರೆ ಬೇರೆ. ಆ ಗೋಣಿಯ ಮೇಲೆ ರಬ್ಬರ್ ಹಾಳೆ ಇಟ್ಟು ಕೊಯ್ದು, ಬಿಸಿಲಿಗೆ ಕಾದ ಚಪ್ಪಡಿಯ ಮೇಲೆ ಹರಡಿ, ಮೆತ್ತಗಾದ ಮೇಲೆ ಒಳಗೆ ಬಾಗಿಸಿ ಕೂರಿಸಬೇಕು. ಶ್ರಾವಣದಲ್ಲಿ ಬಿಸಿಲೆಲ್ಲಿ? ಮೋಡ ಸರಿಯುವುದನ್ನು ಕಾಯುತ್ತ ಅಣ್ಣ ಈ ಹುಣಸೆಮರದ ಕೆಳಗೆ ದಿನಗಟ್ಟಲೆ ಕೂತಿದ್ದ. ಕೆಂಚಯ್ಯ ಕಂಡದ್ದು ಅದನ್ನೇ.

ಬಸವರಾಜುವಿಗೆ ಬಿಸಿಲು ಬೇಕಾದಷ್ಟಿತ್ತು. ಆದರೂ ಮೊದಲ ಹಾಳೆ ಮಡಿಕೆ ಬಿದ್ದು ಚಕ್ರಕ್ಕೆ ಉಜ್ಜಿತು. ತೆಗೆದು ಮತ್ತೆ ಕಾಯಿಸಿದ. ಬೆನ್ನ ಮೇಲೆ ಮಲಗಿ ಸ್ಕ್ರೂ ತಿರುಗಿಸುವಾಗ ಮಣ್ಣು ಕಣ್ಣಿಗೆ ಬಿತ್ತು. ಆ ಹಸಿರು ಬಣ್ಣ ಮುಖದಿಂದ ಗೇಣು ದೂರದಲ್ಲಿತ್ತು. ಅದರ ಮೇಲೆ ಬ್ರಷ್ಷಿನ ಎಳೆಗಳು ಕಾಣುತ್ತಿದ್ದವು. ಎಲ್ಲವೂ ಒಂದೇ ದಿಕ್ಕಿಗೆ, ಅವಸರವಿಲ್ಲದೆ ಎಳೆದವು.

“ಮಾತಾಡ್ತಿದ್ನಾ?” ಎಂದು ಕಾರಿನ ಕೆಳಗಿಂದಲೇ ಕೇಳಿದ.

“ಯಾರು, ನಿಮ್ಮಣ್ಣಾರಾ? ಎಲ್ಲಿ? ನನ್ನ ಬಾಯಿ ನೋವು ಬಂತು, ಅವರು ಬಾಯಿ ಬಿಡ್ಲಿಲ್ಲ. ಕೊನೆ ದಿನ ಮಾತ್ರ ಒಂದು ಮಾತು ಅಂದ್ರು. ಸ್ಕ್ರೂ ಎಲ್ಲಾ ಹಾಕಾಗಿತ್ತು. ಅವ್ರು ಕೈ ಒಳಗಾಡಿಸಿ ನೋಡಿ, ‘ಹುಚ್ಚಣ್ಣ, ಈ ಮೊನೆಗಳಿಗೆಲ್ಲ ಅರ ಹಾಕು. ನನ್ ತಮ್ಮ ಬಂದೋನೇ ಇಲ್ಲಿಗೆ ಕೈ ಹಾಕ್ತಾನೆ, ಚುಚ್ಚಬಾರ್ದು’ ಅಂದ್ರು.”

ಕಾರಿನ ಕೆಳಗೆ ಬಸವರಾಜು ಸುಮ್ಮನೆ ಮಲಗಿದ್ದ. ಹುಚ್ಚಣ್ಣ ಬಗ್ಗಿ, “ಏನ್ರೀ, ನಿದ್ದೆ ಹತ್ತಿತಾ?” ಅಂದ.

“ಅರ ಕೊಡು” ಅಂದ ಬಸವರಾಜು.

ಯುಗಾದಿಯ ದಿನ ಗಂಡಹೆಂಡತಿ ಶೆಟ್ಟಿಕೆರೆಗೆ ಹೊರಟರು. ದಾರಿಯುದ್ದಕ್ಕೂ ಅವನು ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದ. ‘ಅಣ್ಣಯ್ಯ, ನಂದು ತಪ್ಪಾಯ್ತು.’ ಅಷ್ಟೇ ಮಾತು. ಅದಕ್ಕೆ ಹಿಂದೆ ಮುಂದೆ ಏನೂ ಬೇಕಿರಲಿಲ್ಲ. ಆದರೂ ಅವನು ಹಿಂದೆ ಮುಂದೆ ಏನೇನೋ ಸೇರಿಸುತ್ತ ಹೋದ. ತೋಟದ ಮನೆ ಬರುವ ಹೊತ್ತಿಗೆ ಮೊದಲಿನ ಮಾತೇ ಎಲ್ಲೋ ಸಿಕ್ಕಿಹಾಕಿಕೊಂಡಿತ್ತು.

ಪರಮಶಿವಯ್ಯ ಜಗಲಿಯ ಮೇಲೆ ಕೂತು ಬಿತ್ತನೆಗೆ ಕಾಯಿ ಆರಿಸುತ್ತಿದ್ದ. “ಬಂದ್ರಾ. ಬಿಸ್ಲು ಜೋರಾಗದೆ, ಒಳಗೆ ಬನ್ನಿ” ಅಂದ. ಮರುಳಮ್ಮ ಬೇವುಬೆಲ್ಲ ಕೊಟ್ಟಳು. ಊಟವಾಯಿತು. ಎಲೆಅಡಿಕೆ ಆಯಿತು. ಮಳೆಯ ಸುದ್ದಿ, ಕಾಯಿಗೆ ಬಿದ್ದ ನುಸಿಯ ಸುದ್ದಿ, ಯಾರದೋ ಮದುವೆಯ ಸುದ್ದಿ ಎಲ್ಲ ಆಯಿತು.

“ಅಣ್ಣಯ್ಯ, ಮಡ್ಗಾರ್ಡು ಒಂದ್ಸಲ ನೋಡು ಬಾ” ಅಂದ ಬಸವರಾಜು ಕೊನೆಗೆ.

“ಚೆನ್ನಾಗಿರ್ತದೆ ಬುಡು.” ಪರಮಶಿವಯ್ಯ ಎದ್ದೇಳಲಿಲ್ಲ. ಒಂದು ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ ಪಕ್ಕಕ್ಕಿಟ್ಟ. “ಈಗ ತೋಟದ ಬಾಗಿಲಿಗೇ ಬಸ್ಸು ಬತ್ತದೆ ಬಸಣ್ಣ. ನಾನು ಹೋಗೋದಾದ್ರೂ ಎಲ್ಲಿಗೆ? ಕಾರು ನಿನ್ ತಾವೇ ಇರ್ಲಿ.”

“ಸರದಿ ನಿಂದು.”

“ನಂಗೆ ಬ್ಯಾಡ.”

ಆ ಎರಡು ಮಾತು ಅವನು ಸಿಟ್ಟಿನಲ್ಲಿ ಹೇಳಲಿಲ್ಲ. ಇನ್ನೊಂದು ಹೋಳಿಗೆ ಬೇಡ ಅನ್ನುವ ಹಾಗೆ ಹೇಳಿದ. ಸಿಟ್ಟು ಮಾಡಿದ್ದರೆ ಬಸವರಾಜು ಕಾಲು ಹಿಡಿಯಲೂಬಹುದಿತ್ತು. ಈ ತಣ್ಣಗಿನ ದನಿಯನ್ನು ಎಲ್ಲಿ ಹಿಡಿಯಬೇಕೋ ಅವನಿಗೆ ತೋಚಲಿಲ್ಲ.

“ನಾನು ಕಾರು ಇಲ್ಲೇ ಬಿಟ್ಟು ಹೋಗ್ತೀನಿ” ಅಂದ.

“ಬಿಡು. ಕೊಟ್ಟಿಗೆ ಪಕ್ಕ ಜಾಗ ಅದೆ.”

ಬಸ್ಸಿಗೆ ಕಳಿಸಲು ಮರುಳಮ್ಮ ಬೇಲಿಯವರೆಗೆ ಬಂದಳು. ಶಿವರುದ್ರಮ್ಮನ ಮಡಿಲಿಗೆ ಎರಡು ಕಾಯಿ ಹಾಕಿ, ಮೈದುನನ ಕಡೆ ತಿರುಗಿದಳು.

“ನೀನು ಕೀಳಿಸಿದ ಸಂಜೇನೇ ಸುದ್ದಿ ಬಂತು ಕಣಪ್ಪ. ಕೆಂಚಯ್ಯ ಹೇಳ್ದಾಗ ಇವರು ದನಕ್ಕೆ ಹುಲ್ಲು ಹಾಕ್ತಿದ್ರು. ಹಾಕ್ತಾನೇ ಇದ್ರು. ಆಮೇಲೆ ನಿಂಗೆ ಬರೋಕೆ ಎಷ್ಟು ದಿನ ಇತ್ತು ಹೇಳು. ದೀಪಾವಳಿ ಹೋಯ್ತು, ಸಂಕ್ರಾಂತಿ ಹೋಯ್ತು. ನಾಯಿ ಬೊಗಳಿದ್ರೆ ಎದ್ದು ಹೊರಗ್ ನೋಡೋರು.”

“ಆವತ್ತು ಊಟಕ್ಕೆ ಕೂತಾಗ ಕೇಳ್ದೆ ಅತ್ತಿಗೆ. ಏನಿಲ್ಲ ಅಂದ.”

“ಅವರು ಏನಿಲ್ಲ ಅಂದ್ರೆ ಏನೋ ಅದೆ ಅಂತ ಅಲ್ವೇನಪ್ಪ? ಅದು ನಂಗಿಂತ ನಿಂಗೆ ಗೊತ್ತಿರ್ಬೇಕು. ನೀನಾಗೇ ಕೈ ಹಾಕಿ ನೋಡ್ತೀಯ, ನೋಡಿ ನಗ್ತೀಯ ಅಂತ ಕಾದಿದ್ರು. ಹುಡುಗ್ರ ಹಂಗೆ.”

ಬಸ್ಸು ಬಂತು.

ಆ ವರ್ಷದ ಮಳೆಗಾಲದಲ್ಲಿ ಬಸವರಾಜು ಶೆಟ್ಟಿಕೆರೆಯ ಕಡೆಯಿಂದ ಬಂದವರನ್ನೆಲ್ಲ ಬೇರೆ ಮಾತಿನ ನಡುವೆ ಕೇಳುತ್ತಿದ್ದ, ಅಣ್ಣ ಕಾರು ತೆಗೆದದ್ದನ್ನು ಕಂಡಿರಾ ಅಂತ. ಯಾರೂ ಕಂಡಿರಲಿಲ್ಲ. ಚಿಕ್ಕನಾಯಕನಹಳ್ಳಿಯ ಸಂತೆಗೆ ಬಸ್ಸಿನಲ್ಲಿ ಹೋಗುತ್ತಾನೆ, ಹಂದನಕೆರೆಯ ಬೀಗರ ಮನೆಗೆ ಗಾಡಿಯಲ್ಲಿ ಹೋಗುತ್ತಾನೆ ಎಂದರು. ಒಂದು ದಿನ ಹೋಗಿ ಬರೋಣವೆಂದು ಬಸ್ ಸ್ಟ್ಯಾಂಡಿನವರೆಗೆ ಬಂದು ಅವನು ಹಿಂತಿರುಗಿದ್ದೂ ಉಂಟು. ನೆಪವಿಲ್ಲದೆ ಹೋಗಲು ಅವನಿಗೆ ಬರುತ್ತಿರಲಿಲ್ಲ. ದಸರೆ ಒಂದು ಬರಲಿ ಎಂದುಕೊಂಡ.

ದಸರೆ ಬಂತು. ಶಿವರುದ್ರಮ್ಮನಿಗೆ ಜ್ವರವಿದ್ದುದರಿಂದ ಒಬ್ಬನೇ ಹೋದ. ಕೊಟ್ಟಿಗೆಯ ಗೋಡೆಗೆ ಒರಗಿಸಿದ್ದ ನೇಗಿಲು, ಗುದ್ದಲಿ, ಕಾಯಿ ಸುಲಿಯುವ ಕೋಲು ಎಲ್ಲಕ್ಕೂ ವಿಭೂತಿ ಕುಂಕುಮ ಇತ್ತು. ಪಕ್ಕದಲ್ಲಿ ನಿಂತ ಕಾರಿಗೆ ಏನೂ ಇರಲಿಲ್ಲ. ಬಾನೆಟ್ಟಿನ ಮೇಲೆ ಕೋಳಿ ಕೂರದಂತೆ ಯಾರೋ ಗೋಣಿ ಹೊದಿಸಿದ್ದರು. ಅಣ್ಣನೋ ಅತ್ತಿಗೆಯೋ ತಿಳಿಯಲಿಲ್ಲ. ಟೈರುಗಳ ಗಾಳಿ ಇಳಿದು ಕಾರು ತುಸು ಕುಗ್ಗಿದಂತೆ ಕಾಣುತ್ತಿತ್ತು. ಗಾಳಿ ಹೊಡೆದು, ಕೀಲಿ ತಿರುಗಿಸಿದರೆ ಬ್ಯಾಟರಿ ಸತ್ತಿತ್ತು. ಹ್ಯಾಂಡಲ್ ಹಾಕಿ ತಿರುವಿದ. ಇಂಜಿನ್ನು ಕೆಮ್ಮಲೂ ಇಲ್ಲ.

ಪರಮಶಿವಯ್ಯ ನೋಡುತ್ತ ನಿಂತಿದ್ದವನು ಹೋಗಿ ಎತ್ತುಗಳನ್ನು ಬಿಚ್ಚಿಕೊಂಡು ಬಂದ. “ಕೆರೆ ಏರಿಯ ಮ್ಯಾಲಿನ್ ತಂಕ ಎಳೆಸ್ತೀನಿ. ಅಲ್ಲಿಂದ ಇಳಿಜಾರು. ಗೇರಲ್ಲಿ ಬಿಟ್ರೆ ಹತ್ಕಂತದೆ” ಅಂದ. ಆ ಮಧ್ಯಾಹ್ನ ಅವನು ಆಡಿದ ದೊಡ್ಡ ಮಾತು ಅದೇ.

ನೊಗಕ್ಕೆ ಹಗ್ಗ ಕಟ್ಟಿ ಅಣ್ಣ ಮುಂದೆ ನಡೆದ. ಬಸವರಾಜು ಸ್ಟಿಯರಿಂಗ್ ಹಿಡಿದು ಕೂತ. ಇಂಜಿನ್ನಿನ ಸದ್ದಿಲ್ಲದ ಕಾರಿನಲ್ಲಿ ಎತ್ತುಗಳ ಗೊರಸಿನ ಸದ್ದು, ಅಣ್ಣ ಅವಕ್ಕೆ ಹೇಳುವ ‘ಹೋ ಹೋ’ ಎಲ್ಲ ಸ್ಪಷ್ಟವಾಗಿ ಕೇಳುತ್ತಿತ್ತು. ಗಾಜಿನಾಚೆ ಅಣ್ಣನ ಬೆನ್ನು ಮಾತ್ರ ಕಾಣುತ್ತಿತ್ತು. ಹೆಗಲು ಒಂದು ಕಡೆ ವಾಲಿದೆ, ಅಪ್ಪನ ಹೆಗಲು ಹೀಗೇ ವಾಲಿತ್ತು. ಕಿಟಕಿಯ ಗಾಜು ಇಳಿಸಿಯೇ ಇತ್ತು. ಕೂಗಬೇಕಿರಲಿಲ್ಲ, ಮೆಲ್ಲಗೆ ಹೇಳಿದರೂ ಕೇಳುವಷ್ಟು ಹತ್ತಿರ. ದಾರಿ ಮುಗಿಯುವ ಮುಂಚೆ ಹೇಳುತ್ತೇನೆ, ಆ ಬೇವಿನಮರ ದಾಟಿದ ಮೇಲೆ ಹೇಳುತ್ತೇನೆ, ಏರಿಯ ಮೇಲೆ ನಿಂತಾಗ ಇಳಿದು ಎದುರಿಗೆ ನಿಂತೇ ಹೇಳುತ್ತೇನೆ ಎಂದು ಬಸವರಾಜು ಒಳಗೇ ಹೇಳಿಕೊಳ್ಳುತ್ತ ಬಂದ.

ಏರಿಯ ಮೇಲೆ ಪರಮಶಿವಯ್ಯ ಎತ್ತುಗಳನ್ನು ನಿಲ್ಲಿಸಿ ಹಗ್ಗ ಬಿಚ್ಚಿ ಮೊಣಕೈಗೆ ಸುತ್ತಿಕೊಂಡ. ಪಕ್ಕಕ್ಕೆ ಸರಿದು ಕಾರಿನ ಹಿಂದಕ್ಕೆ ಹೋದ. “ಬ್ರೇಕ್ ಬಿಡು” ಅಂದ.

ಬಸವರಾಜು ಬಾಗಿಲ ಹಿಡಿಯ ಮೇಲೆ ಕೈ ಇಟ್ಟಿದ್ದ. ಆ ಮಾತಿಗೆ ಕೈ ಅಲ್ಲಿಂದ ಬ್ರೇಕಿಗೆ ಹೋಯಿತು.

ಹಿಂದಿನಿಂದ ಅಣ್ಣ ತಳ್ಳಿದ. ಕಾರು ಇಳಿಜಾರಿಗೆ ಬಿತ್ತು. ಕ್ಲಚ್ ಬಿಟ್ಟೊಡನೆ ಇಂಜಿನ್ನು ಒಮ್ಮೆ ಜಗ್ಗಿ, ಹೊಗೆ ಉಗುಳಿ ಹತ್ತಿಕೊಂಡಿತು. ಕನ್ನಡಿಯಲ್ಲಿ ಅಣ್ಣ, ಹೊಗೆ, ಎರಡು ಎತ್ತು ಒಂದು ಗಳಿಗೆ ಕಂಡು, ಆಮೇಲೆ ತಿರುವು ಬಂತು.

ನಿಲ್ಲಿಸಿದ್ದರೆ ಇಂಜಿನ್ನು ಆರಿಹೋಗುತ್ತಿತ್ತು ಎಂದು ಬಸವರಾಜು ರಾತ್ರಿ ಹೆಂಡತಿಗೆ ಹೇಳಿದ. ಅವಳು ಜ್ವರದಲ್ಲಿ ಕಣ್ಣು ಮುಚ್ಚಿಯೇ ‘ಹ್ಞೂಂ’ ಅಂದಳು. ಹೇಳಿ ಮಲಗಿದವನಿಗೆ ನಿದ್ದೆ ಬರಲಿಲ್ಲ. ಆ ತಿರುವಿನ ಆಚೆಗೂ ಕೆರೆಯ ತೂಬಿನವರೆಗೆ ಇಳಿಜಾರೇ ಇತ್ತು. ಅಲ್ಲಿ ನಿಲ್ಲಿಸಿ, ನಡೆದು ಹಿಂದಕ್ಕೆ ಹೋಗಿ, ಹೇಳಿ ಬಂದು, ಮತ್ತೆ ಬ್ರೇಕ್ ಬಿಟ್ಟಿದ್ದರೂ ಕಾರು ಹತ್ತಿಕೊಳ್ಳುತ್ತಿತ್ತು.